ಮನೆಯ ಅಕ್ವೇರಿಯಂನಲ್ಲಿ ಹವಳ ಸಾಕಣೆ

ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರನ್ನೋ ಅದಕ್ಕೆ ಸಮನಾದ ಉಪ್ಪುನೀರನ್ನೋ ಹದಗೊಳಿಸಿ, ಅದರಲ್ಲಿ ಜೀವಂತ ಹವಳ ಬೆಳೆಸುವ ಹವ್ಯಾಸ. ಹವಳ ನೋಡಲು ಗಿಡದಂತಿದ್ದರೂ ಪ್ರಾಣಿ. ಅಂಬಲಿಮೀನು, ಕಡಲ ಹೂಗಳ ಬಳಗಕ್ಕೆ ಸೇರಿದ್ದು. ಪಾಲಿಪ್ ಎಂಬ ಸಣ್ಣ ಜೀವಿಗಳು ಸಾಮಾನ್ಯವಾಗಿ ಒಟ್ಟಾಗಿ ಬಾಳುತ್ತವೆ; ಗಟ್ಟಿ ಹವಳಗಳಲ್ಲಿ ಅವು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ತೊಟ್ಟಿಗೆ ಮೊದಲ ಹವಳವನ್ನು ಯಾವಾಗ ಬಿಡಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ಹವ್ಯಾಸದ ಇತಿಹಾಸ. ಆ ಉತ್ತರಗಳಲ್ಲಿ ಹೆಚ್ಚಿನವು ಮನೆಯಲ್ಲಿ ಕುಳಿತು ತಾಳ್ಮೆಯಿಂದ ಗಮನಿಸಿದವರಿಂದ ಬಂದವು.

ಮನೆಯೊಳಗೆ ಹವಳವನ್ನು ವರ್ಷಗಟ್ಟಲೆ ಬದುಕಿಸಿದವರಲ್ಲಿ ಮೊದಲಿಗೆ ನಿಲ್ಲುವ ಹೆಸರು ಇಂಗ್ಲೆಂಡಿನ ಆನಾ ಥಿನ್. 1846ರಲ್ಲಿ ಟಾರ್ಕೀ ಕಡಲತೀರದಲ್ಲಿ ಬಟ್ಟಲಿನಾಕಾರದ ಒಂಟಿ ಹವಳಗಳನ್ನು ಕಂಡ ಆಕೆ, ಅವನ್ನು ಜೀವಂತವಾಗಿ ಲಂಡನ್ನಿಗೆ ಒಯ್ಯಲು ನಿರ್ಧರಿಸಿದರು. ದಾರಿಯ ಕುಲುಕಾಟಕ್ಕೆ ಹವಳ ನಲುಗದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿ ಇಟ್ಟು ತಂದರು. ಲಂಡನ್ನಿನಲ್ಲಿ ಸಮುದ್ರದ ನೀರು ಸುಲಭವಾಗಿ ಸಿಗುವಂತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿದು ಗಾಳಿಯಾಡಿಸಬೇಕಿತ್ತು. ದಿನವೂ ನಡೆಯಬೇಕಾದ ಈ ಕೆಲಸದಲ್ಲಿ ಮನೆಗೆಲಸದ ಹೆಂಗಸೂ ಕೈಜೋಡಿಸಿದಳು. ಮರುವರ್ಷ ಥಿನ್ ಕಡಲ ಸಸ್ಯಗಳನ್ನು ತರಿಸಿ ಅದೇ ನೀರಿಗೆ ಹಾಕಿದರು. ಸಸ್ಯಗಳು ಬಿಡುವ ಆಮ್ಲಜನಕ ಸುರಿಯುವ ಕೆಲಸವನ್ನು ಹಗುರಗೊಳಿಸಿತು. ಹವಳಗಳು ಬದುಕಿದ್ದಷ್ಟೇ ಅಲ್ಲ, ಮರಿಯನ್ನೂ ಹಾಕಿದವು. ಅವು ವೃದ್ಧಿಯಾಗುವ ಬಗೆಯನ್ನು ಕುರಿತು ಆಕೆ ಬರೆದ ಟಿಪ್ಪಣಿಗಳು 1859ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಅಕ್ವೇರಿಯಂ ಚರಿತ್ರೆಯಲ್ಲಿ ಆಕೆಗೆ ಸಿಕ್ಕಿರುವ ಜಾಗ ತೀರ ಕಡಿಮೆ.

ಆ ಜಾಗವನ್ನು ತುಂಬಿದವರು ನಿಸರ್ಗ ವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಸಾರ್ವಜನಿಕ ಮೀನುಮನೆ, ಮರುವರ್ಷ ಬಂದ ಗಾಸ್ ಅವರ ಪುಸ್ತಕ, ಲವಣಗಳನ್ನು ಸಿಹಿನೀರಿಗೆ ಬೆರೆಸಿ ಕೃತಕ ಸಮುದ್ರನೀರು ತಯಾರಿಸುವ ಅವರ ಸೂತ್ರ ಸೇರಿ ಇಂಗ್ಲೆಂಡಿನ ಮಧ್ಯಮವರ್ಗಕ್ಕೆ ಅಕ್ವೇರಿಯಂ ಹುಚ್ಚು ಹಿಡಿಸಿದವು. ಜನ ಬುಟ್ಟಿ, ಉಳಿ ಹಿಡಿದು ತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ಮಡುಗಳು ಬರಿದಾದವು. ತಂದೆಯ ಪುಸ್ತಕಗಳೇ ಈ ಲೂಟಿಗೆ ದಾರಿ ತೋರಿದವೆಂಬ ನೋವನ್ನು ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಪ್ರೀತಿಯಿಂದ ತಂದದ್ದೇ ಕಡಲನ್ನು ಬರಿದು ಮಾಡಿದ ಈ ಮೊದಲ ಉದಾಹರಣೆ, ಮುಂದಿನ ನೂರೈವತ್ತು ವರ್ಷಗಳಲ್ಲಿ ಬೇರೆ ಕಡಲುಗಳಲ್ಲಿ ಮರುಕಳಿಸಿತು.

ಥಿನ್ ಸಾಕಿದ್ದು ತಣ್ಣೀರಿನ ಹವಳ. ಅದಕ್ಕೆ ಬಿಸಿಲಿನ ಹಂಗಿಲ್ಲ. ಉಷ್ಣವಲಯದ ದಿಬ್ಬಗಳನ್ನು ಕಟ್ಟುವ ಹವಳಗಳ ಬಾಳು ಬೇರೆ. ಅವುಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿ, ಬೆಳಕಿನಿಂದ ತಯಾರಿಸಿದ ಆಹಾರದ ಬಹುಪಾಲನ್ನು ಹವಳಕ್ಕೇ ಕೊಡುತ್ತವೆ. ಪ್ರಾಣಿಗಳೊಳಗೆ ನೆಲೆಸುವ ಇಂಥ ಪಾಚಿಗಳಿಗೆ 1881ರಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್ ಝೂಕ್ಸಾಂಥೆಲ್ಲಾ ಎಂದು ಹೆಸರಿಟ್ಟರು. ಬೆಳಕಿದ್ದಾಗ ಹವಳ ಸುಣ್ಣ ಕಟ್ಟುವ ವೇಗವೂ ಹೆಚ್ಚುತ್ತದೆಂದು ಟಾಮಸ್ ಗೊರೊ 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಈ ತಿಳಿವಳಿಕೆ ಹವ್ಯಾಸಿಗಳ ಕೈಗೆ ತಲುಪುವಷ್ಟರಲ್ಲಿ ಮಂಕು ಟ್ಯೂಬ್‌ಲೈಟ್ ಕೆಳಗೆ ಅಸಂಖ್ಯ ಹವಳಗಳು ಸತ್ತಿದ್ದವು.

ತಿರುವು ಬಂದದ್ದು ಏಷ್ಯಾದಿಂದ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಅಕ್ವೇರಿಯಂ ಪತ್ರಿಕೆಯೊಂದರಲ್ಲಿ ತಮ್ಮ ಕ್ರಮವನ್ನು ವಿವರಿಸಿದರು. ಜೀವಿಗಳು ತುಂಬಿದ ಕಡಲ ಕಲ್ಲು, ಸಮುದ್ರದ ನೀರು, ಬಿಸಿಲು, ಗಾಳಿಯ ಗುಳ್ಳೆಗಳು: ಇಷ್ಟರಲ್ಲೇ ಅವರ ತೊಟ್ಟಿಯಲ್ಲಿ ಹವಳಗಳು ಬಾಳುತ್ತಿದ್ದವು. ಇಂದು ಲೈವ್ ರಾಕ್ ಎಂದು ಕರೆಯುವ ಆ ರಂಧ್ರಮಯ ಕಲ್ಲಿನ ಮೇಲ್ಮೈಯಲ್ಲೂ ಒಳಗೂ ಇರುವ ಬ್ಯಾಕ್ಟೀರಿಯಾಗಳು ಮೀನಿನ ಮಲಮೂತ್ರದ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುತ್ತವೆ. ಕಲ್ಲಿನ ಆಳದಲ್ಲಿ ಆಮ್ಲಜನಕ ತಲುಪದ ಕಡೆ ನೈಟ್ರೇಟ್ ಸಾರಜನಕವಾಗಿ ಹೊರಬೀಳುತ್ತದೆ. ಬಿಸಿಲಿನ ಊರಿನ ಈ ವಿಧಾನವನ್ನು ಮೋಡ ಕವಿದ ಊರುಗಳಲ್ಲಿ ಹಾಗೇ ನಡೆಸಲಾಗದು ಎಂದು ಪಶ್ಚಿಮದ ಹಲವರು ಅದನ್ನು ಬಹುಕಾಲ ಬದಿಗಿಟ್ಟರು. ಅವರು ಕಳೆದುಕೊಂಡದ್ದು ಎರಡು ದಶಕ.

ಆ ಕೊರತೆ ತುಂಬಿದವರು ಜರ್ಮನ್ ಭಾಷಿಕ ಹವ್ಯಾಸಿಗಳು. ಎರ್ವಿನ್ ಸಾಂಡರ್ 1960ರ ದಶಕದಲ್ಲಿ ಮಾರುಕಟ್ಟೆಗೆ ತಂದ ಪ್ರೋಟೀನ್ ಸ್ಕಿಮ್ಮರ್, ಸಣ್ಣ ಗುಳ್ಳೆಗಳ ನೊರೆಯ ಮೂಲಕ ಕೊಳೆಯುವ ಮೊದಲೇ ಕಶ್ಮಲವನ್ನು ಹೊರಹಾಕುತ್ತಿತ್ತು. ಪೀಟರ್ ವಿಲ್ಕೆನ್ಸ್ ಹವಳಕ್ಕೆ ಸುಣ್ಣದ ತಿಳಿನೀರು ಬೇಕೆಂದು 1970ರ ದಶಕದಲ್ಲೇ ಸಾರಿದರು. ಶಾಲೆಯ ಪ್ರಯೋಗಾಲಯದಲ್ಲಿ ಕೊಳವೆಯಿಂದ ಉಸಿರು ಊದಿ ಹಾಲಿನಂತೆ ಮಾಡುವ ನೀರೇ ಇದು. ಗೂಡು ಕಟ್ಟುವ ಹವಳ ನೀರಿನ ಕ್ಯಾಲ್ಸಿಯಂ, ಕಾರ್ಬೊನೇಟುಗಳನ್ನು ಸದಾ ಹೀರುತ್ತಿರುತ್ತದೆ. ತೊಟ್ಟಿಯಿಂದ ಆವಿಯಾದ ನೀರಿನ ಬದಲಿಗೆ ಸುಣ್ಣದ ತಿಳಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಆ ಕೊರತೆ ನೀಗುತ್ತದೆ. ರಾತ್ರಿ ಬಿಡುವುದು ವಾಡಿಕೆ, ಏಕೆಂದರೆ ಕತ್ತಲಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರಿನ ಪಿಎಚ್ ಇಳಿದಿರುತ್ತದೆ. ಒಮ್ಮೆಲೇ ಸುರಿದರೆ ಪಿಎಚ್ ಜಿಗಿದು ತೊಟ್ಟಿಯೇ ಕೆಡುತ್ತದೆ.

ಬರ್ಲಿನ್‌ನ ಡೀಟ್ರಿಷ್ ಸ್ಟ್ಯೂಬರ್ ಮತ್ತು ಜೊತೆಗಾರರು ಲೈವ್ ರಾಕ್, ಸ್ಕಿಮ್ಮರ್, ಸುಣ್ಣದ ತಿಳಿ, ಪ್ರಖರ ಮೆಟಲ್ ಹ್ಯಾಲೈಡ್ ದೀಪಗಳನ್ನು ಒಂದುಗೂಡಿಸಿದರು. ಅದೇ ಬರ್ಲಿನ್ ಪದ್ಧತಿ. ಸುಮಾರು 1980ರಲ್ಲಿ ಕಲ್ಲಿನ ಜೊತೆ ಬಂದ ಅಕ್ರೊಪೊರಾ ಹವಳವೊಂದು ಸ್ಟ್ಯೂಬರ್ ತೊಟ್ಟಿಯಲ್ಲಿ ಕೊಂಬೆಯೊಡೆದು ಬೆಳೆಯಿತು. ಅವರು ತುಂಡು ಮುರಿದು ಗೆಳೆಯರಿಗೆ ಹಂಚಿದರು. ಆ ಗೆಳೆಯರು ಮತ್ತೆ ಹಂಚಿದರು. ಒಂದೇ ತಾಯಿಹವಳದ ಸಂತತಿ ಯುರೋಪಿನ ಮನೆಮನೆಗೂ, ಸಾರ್ವಜನಿಕ ಅಕ್ವೇರಿಯಂಗಳಿಗೂ ಹೋಯಿತು. ಮನೆಯಲ್ಲಿ ಸಾಕಲಾಗದು ಎಂದು ಎಲ್ಲರೂ ನಂಬಿದ್ದ ಹವಳ, ಕತ್ತರಿಸಿ ನೆಡುವ ಬೆಳೆಯಾಯಿತು. ಈ ಹವ್ಯಾಸದ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ.

ಅಮೆರಿಕದಲ್ಲಿ 1986ರ ಜಾರ್ಜ್ ಸ್ಮಿಟ್ ಲೇಖನಮಾಲೆ ಮನೆಯ ಪುಟ್ಟ ಹವಳದಿಬ್ಬದ ಆಸೆ ಹುಟ್ಟಿಸಿತು. ಚಾರ್ಲ್ಸ್ ಡೆಲ್ಬೀಕ್ ಮತ್ತು ಜೂಲಿಯನ್ ಸ್ಪ್ರಂಗ್ ಬರೆದು 1994ರಿಂದ ಹೊರತಂದ ಸಂಪುಟಗಳು ಅದಕ್ಕೆ ಶಾಸ್ತ್ರದ ತಳಪಾಯ ಹಾಕಿದವು. ಆದರೆ ಆ ಕಾಲದ ಅಂಗಡಿಗಳಲ್ಲಿ ಹೊಸಬರ ಕೈಗೆ ಸಿಗುತ್ತಿದ್ದುದು ಹೆಚ್ಚಾಗಿ ಹೂಗೊಂಚಲಿನಂತಿರುವ ಗೋನಿಯೊಪೊರಾ. ಅಗ್ಗ, ಅಂದ, ಸಾಗಣೆಗೂ ಸಲೀಸು. ತಿಂಗಳುಗಟ್ಟಲೆ ಅರಳಿ ನಿಂತು, ಒಳಗೊಳಗೇ ಉಪವಾಸ ಬಿದ್ದು ಕುಗ್ಗಿ ಸಾಯುತ್ತಿತ್ತು. ಸತ್ತ ಜಾಗಕ್ಕೆ ಇನ್ನೊಂದು ಬರುತ್ತಿತ್ತು. 2000ದ ನಂತರದ ಎಲ್‌ಇಡಿ ದೀಪಗಳು ಶಾಖವನ್ನೂ ವಿದ್ಯುತ್ ಖರ್ಚನ್ನೂ ತಗ್ಗಿಸಿದವು.

ಈಗ ಒಪ್ಪಿತವಾಗಿರುವ ಕ್ರಮದಲ್ಲಿ ನೀರು ಮೊದಲು, ಹವಳ ಕೊನೆಗೆ. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಲು ವಾರಗಳೇ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ, 25ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 400ರಿಂದ 450 ಪಿಪಿಎಂ ಕ್ಯಾಲ್ಸಿಯಂ ಏರಿಳಿತವಿಲ್ಲದೆ ನಿಂತ ಮೇಲೆಯೇ ಮೊದಲ ಹವಳ. ಅಣಬೆಯಂಥ ಡಿಸ್ಕೊಸೋಮಾ, ತೊಗಲಿನಂಥ ಸಾರ್ಕೋಫೈಟನ್ ಮೊದಲಿಗೆ ಹೊಂದುತ್ತವೆ. ತಂದ ತುಂಡನ್ನು ಔಷಧದ ನೀರಲ್ಲಿ ಅದ್ದಿ ಚಪ್ಪಟೆಹುಳು, ಬಸವನಹುಳುವಿನ ಮೊಟ್ಟೆ ಇವೆಯೇ ಎಂದು ಹುಡುಕುತ್ತಾರೆ. ಮೊದಲು ತೊಟ್ಟಿಯ ತಳದಲ್ಲಿ, ಮಂದ ಬೆಳಕಿನಲ್ಲಿಟ್ಟು ಕ್ರಮೇಣ ಮೇಲಕ್ಕೇರಿಸುತ್ತಾರೆ. ಸಾರ್ಕೋಫೈಟನ್ ಕೆಲ ದಿನ ಪಾಲಿಪ್‌ಗಳನ್ನು ಒಳಗೆಳೆದುಕೊಂಡು, ಮೇಣದ ಪೊರೆ ಹೊದ್ದು ಸತ್ತಂತೆ ಕಾಣುತ್ತದೆ. ಅದು ಪೊರೆ ಕಳಚುವ ಕ್ರಮ, ಎತ್ತಿ ಬಿಸಾಡಬಾರದು. ಹೊಸಬರಿಗೆ ಸುಲಭವೆಂದು ಕೊಡುವ ಝೋಯಾಂಥಿಡ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1971ರಲ್ಲಿ ಹವಾಯಿಯಲ್ಲಿ ಬೇರ್ಪಡಿಸಿದ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇವುಗಳಲ್ಲಿ ಕೆಲವುಗಳಲ್ಲಿದೆ. ಇವು ಅಂಟಿದ ಕಲ್ಲನ್ನು ಕುದಿಸಿ ಆ ಆವಿ ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೇಬಾರದು.

ವ್ಯಾಪಾರ ಬೆಳೆದಂತೆ ಕಾನೂನೂ ಬಂತು. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ಸಾಗಣೆ 1980ರ ದಶಕದಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧದಡಿ ಪರವಾನಗಿಗೆ ಒಳಪಟ್ಟಿತು. ಹವಳ ರಫ್ತಿನಲ್ಲಿ ಮುಂಚೂಣಿಯ ಇಂಡೋನೇಷ್ಯಾ 2018ರಲ್ಲಿ ರಫ್ತನ್ನೇ ನಿಲ್ಲಿಸಿ, 2020ರಲ್ಲಿ ಮತ್ತೆ ತೆರೆಯಿತು. ಆ ನಡುವೆ ತೊಟ್ಟಿಯಲ್ಲೇ ಕತ್ತರಿಸಿ ಬೆಳೆಸಿದ ತುಂಡುಗಳಿಗೆ ಬೇಡಿಕೆ ಹೆಚ್ಚಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮೀ ಕ್ರ್ಯಾಗ್ಸ್ ತಂಡ ದೂರದ ಕಡಲಿನ ಋತು, ಬಿಸಿಲು, ಚಂದ್ರನ ಬೆಳಕನ್ನು ತೊಟ್ಟಿಯಲ್ಲಿ ಅನುಕರಿಸಿ ಹವಳ ಮೊಟ್ಟೆಯಿಡುವಂತೆ ಮಾಡಿದೆ. ಹವಳದಿಬ್ಬಗಳ ಪುನಶ್ಚೇತನಕ್ಕೆ ಈ ವಿದ್ಯೆ ನೆರವಾಗುತ್ತಿದೆ.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಇರಲಿ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳವಿರಲಿ, ಒಂದು ತುಂಡು ಕಿತ್ತರೂ ಅಪರಾಧ. 2022ರ ತಿದ್ದುಪಡಿಯಿಂದ ಸೈಟೀಸ್ ಪಟ್ಟಿಯ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ಮಾಹಿತಿ ನೀಡಿ ನೋಂದಾಯಿಸಬೇಕು. ಮೂಲದ ದಾಖಲೆ ತೋರಿಸಲಾಗದ ಅಂಗಡಿಯಿಂದ ಹವಳ ಕೊಳ್ಳಬಾರದು.