ಚಳಿಜ್ವರವೂ ಕುಡುಗೋಲು ಕಣವೂ

ಕೃಷ್ಣರಾಜನಗರದ ಬತ್ತದ ಬಯಲನ್ನು ಬಿಟ್ಟು, ಹುಣಸೂರನ್ನು ಹಾದು, ಹೆಗ್ಗಡದೇವನಕೋಟೆಯ ಹಾದಿ ಹಿಡಿದವರಿಗೆ ಹೊಲಗಳು ಹಿಂದಾಗಿ ಕಾಡು ಮುಂದಾಗುವುದು ಕಾಣುತ್ತದೆ. ಪಿರಿಯಾಪಟ್ಟಣದಿಂದ ಪಡುವಣಕ್ಕೆ ಹೊರಟರೂ ಹೀಗೆಯೇ. ಈ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ತಲೆತಲಾಂತರದಿಂದ ನೆಲಸಿದ್ದಾರೆ. ನಮ್ಮ ಹಿರಿಯರ ಬಾಯಲ್ಲಿ ಕೋಟೆ ಸೀಮೆ ಎಂದರೆ ಚಳಿಜ್ವರದ ಸೀಮೆ. ಅಲ್ಲಿಗೆ ವರ್ಗವಾದ ಗುಮಾಸ್ತರು ಹೆಂಡಿರು ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು, ಕ್ವಿನೈನ್ ಗುಳಿಗೆಗಳನ್ನು ಗಂಟು ಕಟ್ಟಿಕೊಂಡು ಹೋಗುತ್ತಿದ್ದರೆಂದು ನನ್ನ ತಂದೆಯವರು ಹೇಳುತ್ತಿದ್ದರು. ವರ್ಷ ಕಳೆಯುವುದರೊಳಗೆ ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಬೆಳೆದು, ಮುಖ ಬಿಳಿಚಿಕೊಂಡು, ಎಷ್ಟೋ ಮಂದಿ ಹಿಂದಿರುಗುತ್ತಿದ್ದರಂತೆ.

ಹೊರಗಿನವರು ಹೀಗೆ ನೆಲಕಚ್ಚಿದ ಕಡೆಯಲ್ಲಿ ಕಾಡಿನ ಮಕ್ಕಳು ಬಾಳಿ ಬಂದದ್ದು ಹೇಗೆ? ಅವರಿಗೂ ಜ್ವರ ಬಾರದೆ ಇರಲಿಲ್ಲ. ಅವರ ಎಳೆಗೂಸುಗಳೂ ಅದಕ್ಕೆ ಬಲಿಯಾಗುತ್ತಿದ್ದವು. ಮತ್ತೆ ಮತ್ತೆ ಜ್ವರ ಕಂಡ ಮೈಗೆ ಒಂದಷ್ಟು ತಡೆಯುವ ಶಕ್ತಿ ಬರುವುದುಂಟು. ಆದರೆ ಇನ್ನೊಂದು ಕಾರಣ ಅವರಲ್ಲಿ ಕೆಲವರ ರಕ್ತದಲ್ಲಿಯೇ ಅಡಗಿತ್ತು. ಅದನ್ನು ಕಂಡುಹಿಡಿದ ಚರಿತ್ರೆ ಯಾವ ರಾಜವಂಶದ ಚರಿತ್ರೆಗೂ ಕಡಮೆಯಾದುದಲ್ಲ.

ಮೊದಲು ಜ್ವರದ ವಿಷಯ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜಗತ್ತು ಬಹುಕಾಲ ನಂಬಿತ್ತು. ಭಾರತದಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು 1897ರ ಬೇಸಗೆಯಲ್ಲಿ ನೀಲಗಿರಿಯ ಸಿಗೂರು ಘಟ್ಟಕ್ಕೆ ಹೋಗಿ ಈ ರೋಗವನ್ನು ಪರಿಶೀಲಿಸಿದರು. ಸಿಗೂರು ನಮ್ಮ ಬಂಡೀಪುರದ ಕಾಡಿಗೆ ದೂರವಲ್ಲ. ಪರಿಶೀಲಿಸಲು ಹೋದವರಿಗೇ ಅಲ್ಲಿ ಜ್ವರ ಹಿಡಿಯಿತು! ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಅವರು ಸೂಕ್ಷ್ಮದರ್ಶಕದ ಮೂಲಕ ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಶತ್ರು ಯಾರೆಂದು ತಿಳಿದ ಮೇಲೆ ಯುದ್ಧ ಸುಲಭವಾಯಿತು. 1920ರ ದಶಕದ ಕೊನೆಯ ವೇಳೆಗೆ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ನಿಯಂತ್ರಣದ ಕಾರ್ಯಕ್ಕೆ ಕೈಯಿಕ್ಕಿತು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಬಂದಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಮೊದಲಾಯಿತು. ಔಷಧಿ ಹೊಡೆಯುವವರು ಮನೆಮನೆಗೂ ಬಂದು, ಗೋಡೆಯ ಮೇಲೆ ತಾರೀಖು ಬರೆದುಹೋಗುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 1947ರಲ್ಲಿ ದೇಶದಲ್ಲಿ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ಸಿಕ್ಕಿ, 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ 1 ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಮೈಮರೆತದ್ದರಿಂದಲೂ, ಸೊಳ್ಳೆಗಳು ಔಷಧಿಗೆ ಒಗ್ಗಿಕೊಂಡದ್ದರಿಂದಲೂ 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತೆಂಬುದೂ ನೆನಪಿಡತಕ್ಕ ಸಂಗತಿ. ಆ ಏರಿಕೆಯೂ ಕ್ರಮೇಣ ತಗ್ಗಿ, ನಮ್ಮ ಸೀಮೆಯಲ್ಲಿ ಆ ಜ್ವರ ಇಂದು ಬಹುಮಟ್ಟಿಗೆ ಅಡಗಿದೆ.

ಇನ್ನು ರಕ್ತದ ವಿಷಯ. 1910ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಅವರು ಒಬ್ಬ ತರುಣ ರೋಗಿಯ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡದ್ದಾಗಿ ಪ್ರಕಟಿಸಿದರು. ಆರೋಗ್ಯವಂತರ ಕೆಂಪುಕಣ ಬಿಲ್ಲೆಯಂತೆ ದುಂಡಗಿದ್ದು ಮೆತ್ತಗಿರುತ್ತದೆ. ಎಂಥ ಸಣ್ಣ ನಾಳದಲ್ಲಿಯೂ ನುಸುಳುತ್ತದೆ. ಕುಡುಗೋಲಿನಂಥ ಕಣವಾದರೋ ಬಿರುಸಾಗಿ, ನಾಳದಲ್ಲಿ ಸಿಕ್ಕಿಕೊಂಡು, ರಕ್ತದ ದಾರಿಯನ್ನೇ ಕಟ್ಟುತ್ತದೆ. ಆಗ ಕೈಕಾಲುಗಳಲ್ಲಿ, ಎದೆಯಲ್ಲಿ, ಬೆನ್ನಿನಲ್ಲಿ ತಾಳಲಾರದ ನೋವು. ಇಂಥ ಕಣಗಳು ಬೇಗ ನಾಶವಾಗುವುದರಿಂದ ರಕ್ತಹೀನತೆ, ಕಣ್ಣಿನಲ್ಲಿ ಹಳದಿ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ದೋಷವಿರುವುದು ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ನಿನಲ್ಲಿ ಎಂದು ತೋರಿಸಿಕೊಟ್ಟರು. 1956ರಲ್ಲಿ ವರ್ನನ್ ಇಂಗ್ರಾಂ ಅವರು ಇನ್ನೂ ಮುಂದೆ ಹೋಗಿ, ಆ ದೋಷ ಒಂದೇ ಒಂದು ಘಟಕದ ವ್ಯತ್ಯಾಸವೆಂದು ಕಂಡರು. 146 ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಸರದಲ್ಲಿ ಆರನೆಯದು ಮಾತ್ರ ಬೇರೆ.

ಓಲೆಗರಿಯ ಪ್ರತಿಗಳನ್ನು ಓದಿ ಅಭ್ಯಾಸವಾದ ನನ್ನಂಥವರಿಗೆ ಇದು ಅರ್ಥವಾಗದ ಮಾತಲ್ಲ. ಲಿಪಿಕಾರನ ಕೈತಪ್ಪಿನಿಂದ ‘ಹಾಲು’ ಎಂಬಲ್ಲಿ ‘ಹಾಳು’ ಎಂದಾದರೆ ಪದ್ಯದ ಗತಿಯೇನು? ಒಂದೇ ಅಕ್ಷರ, ಅರ್ಥ ಪೂರ್ತಿ ತಲೆಕೆಳಗು.

ಈ ಕಣ ಆಫ್ರಿಕದ ಮೂಲದವರಲ್ಲಿ ಮಾತ್ರ ಇರುವುದೆಂದು ಹಲವರು ತಿಳಿದಿದ್ದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಗಿರಿಜನರಲ್ಲಿಯೂ ಅದನ್ನು ಕಂಡರು. ಆಮೇಲೆ ದೇಶದ ಅನೇಕ ಕಡೆಗಳಲ್ಲಿ, ನಮ್ಮ ಕಾಡಂಚಿನ ಹಾಡಿಗಳಲ್ಲಿಯೂ, ಅದು ಕಾಣಿಸಿತು. ಆದಿವಾಸಿಗಳಿಗೆ ಮಾತ್ರ ಮೀಸಲಾದ ದೋಷವೂ ಅದಲ್ಲ. ಇತರ ಜನರಲ್ಲಿಯೂ ಉಂಟು. 1954ರಲ್ಲಿ ಆಂಟನಿ ಆಲಿಸನ್ ಅವರು ಪೂರ್ವ ಆಫ್ರಿಕದಲ್ಲಿ ನಡೆಸಿದ ಶೋಧನೆಯಿಂದ ಗಂಟು ಬಿಚ್ಚಿತು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಅಷ್ಟೇ ಅಲ್ಲ, ಮಲೇರಿಯಾದ ಮಾರಕ ಬಗೆಯಿಂದ ಅವರಿಗೆ ರಕ್ಷಣೆಯೂ ದೊರೆಯುತ್ತದೆ. ಇಬ್ಬರಿಂದಲೂ ಪಡೆದ ಮಗುವಿಗೆ ಮಾತ್ರ ರೋಗ. ಕಾಡಿನಲ್ಲಿ ಹಲವರನ್ನು ಕಾಪಾಡಿದ ಕವಚವೇ ಕೆಲವರಿಗೆ ಶೂಲವಾಯಿತು. ಜ್ವರ ಹೋಯಿತು, ಕವಚ ರಕ್ತದಲ್ಲಿ ಉಳಿಯಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಸುಮಾರು 20 ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಹಾಡಿಯ ಹುಡುಗನೊಬ್ಬ ನನ್ನ ಶಿಷ್ಯನಾಗಿದ್ದ. ಮಾಗಿಯ ಚಳಿ ಬಂದರೆ ಸಾಕು, ಶಾಲೆಗೆ ಚಕ್ಕರ್. ಬಂದ ದಿನ ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದ. ಸೋಮಾರಿಯೆಂದು ಗದರಿಸಿ, ಒಂದು ದಿನ ಮೈದಾನವನ್ನು ಸುತ್ತು ಹೊಡೆಯುವಂತೆ ಮಾಡಿದೆ. ಅವನು ಓಡಿದ. ಮರುದಿನದಿಂದ ಬರಲಿಲ್ಲ, ಆ ವರ್ಷ ಬರಲೇ ಇಲ್ಲ. ಚಳಿ, ಆಯಾಸ, ನೀರು ಸಾಲದೆ ಹೋಗುವುದು ಇವೇ ಈ ರೋಗದ ನೋವನ್ನು ಕೆರಳಿಸುತ್ತವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ವೈದ್ಯರೊಬ್ಬರ ಉಪನ್ಯಾಸದಲ್ಲಿ. ಕುಳಿತಲ್ಲಿಯೇ ಬೆವತೆ.

ಈಗ ಏನುಂಟು ಪರಿಹಾರ? ಹೈಡ್ರಾಕ್ಸಿಯೂರಿಯ ಎಂಬ ಗುಳಿಗೆಯುಂಟು. ಮೊದಲು ಅರ್ಬುದ ರೋಗಕ್ಕೆ ಬಳಸುತ್ತಿದ್ದ ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಟ್ಟರೆ ನೋವಿನ ಬಾಧೆ ಎಷ್ಟೋ ಇಳಿಯುವುದೆಂದು 1995ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅದಕ್ಕಿಂತ ಬೆರಗಿನ ಸಂಗತಿ ಮತ್ತೊಂದು. ವಂಶವಾಹಿಯನ್ನು ಬೇಕಾದ ಕಡೆಯಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನಕ್ಕಾಗಿ ಷಾರ್ಪಾಂತಿಯೆ ಮತ್ತು ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರ ನೊಬೆಲ್ ಬಹುಮಾನ ಬಂದಿತು. ರೋಗಿಯದೇ ರಕ್ತಮೂಲ ಕೋಶಗಳನ್ನು ತೆಗೆದು, ಈ ವಿಧಾನದಿಂದ ಮಾರ್ಪಡಿಸಿ, ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಹುಟ್ಟುವಂತೆ ಮಾಡುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟವು. ಆದರೆ ಬೆಲೆ? ಅಮೆರಿಕದಲ್ಲಿ 22 ಲಕ್ಷ ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಹಾಡಿಯ ಮನೆಗೆ ಅದು ಆಕಾಶದ ಹಣ್ಣು.

ನೆಲದ ಮೇಲಿನ ಕೆಲಸವೂ ನಡೆದಿದೆಯೆಂಬುದು ಸಮಾಧಾನ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಕೋಟೆಯ ಕಾಡಿನ ಜನರ ನಡುವೆ ಬೇರುಬಿಟ್ಟು, ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಕುಡುಗೋಲು ಕಣ ರೋಗದ ನಿವಾರಣೆಗಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು, 2047ರೊಳಗೆ ರೋಗವನ್ನು ನಿವಾರಿಸುವುದು ಅದರ ಗುರಿ. ಬೆರಳ ತುದಿಯ ಹನಿ ರಕ್ತದಿಂದ ಮೊದಲ ಪರೀಕ್ಷೆ ಮುಗಿಯುತ್ತದೆ. ಗಂಡು ಹೆಣ್ಣು ಇಬ್ಬರೂ ಈ ಗುಣವನ್ನು ಹೊತ್ತವರಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮದುವೆಗೆ ಮುನ್ನ ಇದನ್ನು ತಿಳಿದಿರುವುದು ಜಾತಕ ನೋಡುವುದಕ್ಕಿಂತ ಮೇಲು. ಆದರೆ ಪರೀಕ್ಷೆಯ ಚೀಟಿ ಯಾರ ಹಣೆಗೂ ಕಳಂಕವಾಗಬಾರದು.

ಕೆಲವು ವರ್ಷಗಳ ಹಿಂದೆ ಕೋಟೆಯ ಸಂತೆಯಲ್ಲಿ ಆ ಶಿಷ್ಯ ಸಿಕ್ಕಿದ. ಜೇಬಿನಲ್ಲಿ ಆಸ್ಪತ್ರೆಯ ಚೀಟಿ, ಗುಳಿಗೆ. ಮಾತು ಬಾರದೆ ನಿಂತ ನನಗೆ ಅವನೇ ಧೈರ್ಯ ಹೇಳಿದ: ‘ಆಗ ನಂಗೂ ಗೊತ್ತಿರ್ನಿಲ್ಲ, ಮೇಷ್ಟ್ರೇ.’ ಪ್ರತಿಯನ್ನು ಪೂರ್ತಿ ಓದುವ ಮೊದಲು ತಪ್ಪು ಹಿಡಿಯಬೇಡ ಎಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಓಲೆಗರಿಯ ವಿಷಯದಲ್ಲಿ ಆ ಪಾಠವನ್ನು ಪಾಲಿಸಿದೆ. ಆ ಹುಡುಗನ ವಿಷಯದಲ್ಲಿ ಪಾಲಿಸಲಿಲ್ಲ. ಈಗ ಹಾಜರಿ ಪುಸ್ತಕದಲ್ಲಿ ಯಾವ ಮಗುವಿನ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚಾದರೂ, ಗದರಿಸುವ ಮೊದಲು ಅದರ ಮನೆಗೆ ಹೋಗಿಬರುತ್ತೇನೆ.