ಡಿಸ್ಪೋಸಲ್ ಲಾರಿಯ ವೈರಿನಲ್ಲಿ ಉಳಿದ ಚರಿತ್ರೆ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕು ಎಂದು ಸಂಪಾದಕ ಸಮಿತಿಯವರು ಹೇಳಿದರು. ಸಾಲ, ಷೇರು, ಗೊಬ್ಬರದ ವಿಚಾರ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಇರುತ್ತದೆ. ನಾನು ಓದಿರುವುದು ಎಸ್.ಎಸ್.ಎಲ್.ಸಿ.; ರಾಜಮಹಾರಾಜರ ಚರಿತ್ರೆ ಬರೆಯುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಭತ್ತ, ಬೆಲ್ಲ, ಗೊಬ್ಬರ ಹೊತ್ತ ಗಾಡಿಗಳಿಗೂ ಒಂದು ಚರಿತ್ರೆ ಇದೆಯಲ್ಲ! ನಂಜನಗೂಡು, ತಿ. ನರಸೀಪುರದ ಕಡೆ ನಮ್ಮ ಹಿರಿಯರು ‘ಡಿಸ್ಪೋಸಲ್ ಲಾರಿ’ ಅನ್ನುತ್ತಿದ್ದ ಹಳೇ ಮಿಲಿಟರಿ ಲಾರಿಯ ವಿಚಾರ ಬರೆಯುತ್ತೇನೆ. ನಮ್ಮ ಸಂಘಕ್ಕೆ ಈಗ 25 ವರ್ಷ. ಈ ಕಥೆ ಅದಕ್ಕೂ ಅರ್ಧ ಶತಮಾನ ಹಿಂದಿನದು.

ಎರಡನೇ ಮಹಾಯುದ್ಧ ನಡೆದದ್ದು 1939ರಿಂದ 1945ರವರೆಗೆ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದ ಮೇಲೆ ಭಾರತವೇ ಯುದ್ಧದ ದೊಡ್ಡ ಉಗ್ರಾಣವಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದವರ ಯುದ್ಧ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಹಡಗುಗಳಲ್ಲಿ ಜೀಪು, ಲಾರಿಗಳು ಬಂದು ಇಳಿದವು. ಅಮೆರಿಕದ ವಿಲ್ಲೀಸ್, ಡಾಡ್ಜ್, ಜಿ.ಎಂ.ಸಿ., ಕೆನಡಾದ ಷೆವ್ರೊಲೆಟ್ ಮತ್ತು ಫೋರ್ಡ್. ಕೆನಡಾದ ಲಾರಿಗೆ ಮೂತಿ ಮೊಂಡು, ಬಾನೆಟ್ ಚಿಕ್ಕದು. ಆ ಮಾದರಿಯ ಗಾಡಿಗಳನ್ನೇ 4 ಲಕ್ಷಕ್ಕೂ ಹೆಚ್ಚು ತಯಾರು ಮಾಡಿದ್ದರು. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ವಾಪಸು ಸಾಗಿಸುವುದು ದಂಡ. ಸರ್ಕಾರದ ಡಿಸ್ಪೋಸಲ್ ಇಲಾಖೆಯವರು ಹೆಚ್ಚುವರಿ ಸಾಮಾನನ್ನು ಮಾರಾಟಕ್ಕೆ ಇಟ್ಟರು. ಲಾರಿಗೆ ಆ ಹೆಸರು ಬಂದದ್ದು ಹಾಗೆ.

ಆ ಕಾಲದಲ್ಲಿ ಗಾಡಿಗೆ ಎಷ್ಟು ಬರ ಇತ್ತು ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಇದ್ದಲು ಉರಿಸಿ ಅದರ ಗ್ಯಾಸಿನಲ್ಲಿ ಬಸ್ಸು ಓಡಿಸಿದರು. ಮೈಸೂರು ಸರ್ಕಾರ ತನ್ನದೇ ಬಸ್ಸು ಬಿಟ್ಟದ್ದು 1948ರ ಸೆಪ್ಟೆಂಬರ್ 12ರಂದು, ಅದೂ 120 ಬಸ್ಸುಗಳಿಂದ. ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿ ಜೊತೆ ಸೇರಿ ಟಾಟಾದವರು ಲಾರಿ ಹೊರತಂದದ್ದು 1954ರಲ್ಲಿ. ಈ ನಡುವಿನ ವರ್ಷಗಳಲ್ಲಿ ದೇಶದ ಹೊರೆ ಹೊರುವುದಕ್ಕೆ ಡಿಸ್ಪೋಸಲ್ ಗಾಡಿಗಳೂ ಹೆಗಲು ಕೊಟ್ಟವು. ಕಾಡಿನಿಂದ ಮರ, ಆಲೆಮನೆಯಿಂದ ಬೆಲ್ಲ, ಗಿರಣಿಗೆ ಭತ್ತ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇದ್ದದ್ದರಿಂದ ಮಳೆಗಾಲದ ಎರೆಮಣ್ಣಿನ ಕೆಸರಿಗೂ ಜಗ್ಗುತ್ತಿರಲಿಲ್ಲ.

ಕೆನಡಾದ ಲಾರಿ ನಮ್ಮ ಮೆಕ್ಯಾನಿಕ್‌ಗಳ ಕೈಗೆ ಹೇಗೆ ಒಗ್ಗಿತು? ಜನರಲ್ ಮೋಟಾರ್ಸ್‌ನವರು 1928ರಿಂದಲೇ ಬೊಂಬಾಯಿಯಲ್ಲಿ ಷೆವ್ರೊಲೆಟ್ ಗಾಡಿ ಜೋಡಿಸಿ ಮಾರುತ್ತಿದ್ದರು. ಮಿಲಿಟರಿ ಷೆವ್ರೊಲೆಟ್‌ಗೂ ಅದೇ ವಂಶದ ಆರು ಸಿಲಿಂಡರ್ ಎಂಜಿನ್. ಹೊರಗಿನ ವೇಷ ಸೈನಿಕನದಾದರೂ ಒಳಗಿನ ಮೈ ಮೊದಲೇ ಪರಿಚಯದ್ದು.

ಇನ್ನು ಕರೆಂಟಿನ ವಿಚಾರಕ್ಕೆ ಬರುತ್ತೇನೆ. ನಮ್ಮ ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ತಲಕಾಡು ದಾಟಿ ಶಿವನಸಮುದ್ರಕ್ಕೆ ಇಳಿಯುತ್ತಾಳೆ. ಅಲ್ಲಿ 1902ರಲ್ಲೇ ಕರೆಂಟು ಉತ್ಪಾದನೆಯಾಗಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆದರೆ ಅದೇ ನದಿಯ ದಡದ ಎಷ್ಟೋ ಹಳ್ಳಿಗಳಲ್ಲಿ ಮುಂದೆ ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿ. ಊರಿಗೆ ಕಂಬ ಬರುವುದಕ್ಕೆ ಮುಂಚೆ ಜನ ಕಂಡ ಕರೆಂಟು ದೀಪ ಅಂದರೆ ಲಾರಿಯ ಹೆಡ್‌ಲೈಟು ಎಂದು ಹಿರಿಯರು ಹೇಳುತ್ತಿದ್ದರು.

ವಿಲ್ಲೀಸ್ ಜೀಪು, ಜಿ.ಎಂ.ಸಿ., ಷೆವ್ರೊಲೆಟ್ ಇವಕ್ಕೆಲ್ಲ 6 ವೋಲ್ಟ್ ಬ್ಯಾಟರಿ. 24 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 4 ಎಳೆಯುತ್ತದೆ. ಅದಕ್ಕೇ ದಪ್ಪ ವೈರು ಬೇಕು. ಜಾಯಿಂಟಿನ ತುಕ್ಕಿನಲ್ಲಿ ಅರ್ಧ ವೋಲ್ಟ್ ಸೋರಿಹೋದರೂ 12ರಲ್ಲಿ ಒಂದು ಪಾಲು ಹೋದಂತೆ, ದೀಪ ಮಂಕಾಗುತ್ತದೆ. ಜೊತೆಗೆ ಯುದ್ಧದ ಗಾಡಿಗೆ ಬೇರೆ ಥರದ ದೀಪಗಳೂ ಇದ್ದವು. ವಿಮಾನದವರ ಕಣ್ಣಿಗೆ ಬೀಳದಂತೆ ಕತ್ತಲೆ ಪ್ರಯಾಣದ ಸಣ್ಣ ದೀಪ. ಅಪ್ಪಿತಪ್ಪಿ ದೊಡ್ಡ ಲೈಟು ಹತ್ತದಂತೆ ಜೀಪಿನ ಸ್ವಿಚ್ಚಿಗೆ ಒಂದು ತಡೆಗುಂಡಿ. ಬ್ರಿಟಿಷ್ ಪದ್ಧತಿಯ ಲಾರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್‌ಗೆ ಬಿಳಿ ಬಣ್ಣ ಬಳಿದು, ಮೇಲೊಂದು ಪುಟ್ಟ ದೀಪ. ಹಿಂದೆ ಬರುವ ಡ್ರೈವರು ಆ ಬಿಳಿ ಗುಂಡನ್ನೇ ನೋಡಿಕೊಂಡು ಕತ್ತಲಲ್ಲಿ ಸಾಗಬೇಕು.

ಇದನ್ನೆಲ್ಲ ನಾನು ತಿಳಿದದ್ದು ನಮ್ಮ ಸೋದರಮಾವನವರ ಅಕ್ಕಿ ಗಿರಣಿಯ ಹಿಂದೆ ನಿಂತಿದ್ದ ಒಂದು ಮೊಂಡು ಮೂತಿಯ ಷೆವ್ರೊಲೆಟ್‌ನಿಂದ. ಗುಜರಿಯವನು ಬಂದು ಕಬ್ಬಿಣದ ತೂಕಕ್ಕೆ ರೇಟು ಹೇಳಿ ಹೋಗಿದ್ದ. ಮನೆಯ ಹುಡುಗರು “ಹಾಕ್ಬುಡಿ ಅತ್ಲಾಗೆ” ಅಂದರು. ಮಾವ ಮಾತ್ರ “ನಮ್ಮಪ್ಪ ಯುದ್ಧದ ಗಾಡಿ ಅಂತಿದ್ರು ಕಣಪ್ಪ, ಒಂದ್ಸಲ ಲೈಟ್ ಹತ್ಲಿ, ಆಮೇಲೆ ನೋಡನ” ಅಂದರು. ನಂಜನಗೂಡಿನಿಂದ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದರು. ಹುಡುಗರು ವೈರು ಕೀಳಲು ಹೋದಾಗ ತಡೆದರು: “ಕೀಳೋದು ಒಂದ್ ಗಂಟೆ ಕೆಲ್ಸ ಸ್ವಾಮಿ. ಮೊದ್ಲು ಯಾವ್ದು ಎಲ್ಲಿಗ್ ಹೋಯ್ತದೆ ಬರ್ಕೊಳಿ.” ಬಣ್ಣವೆಲ್ಲ ಮಾಸಿ ಒಂದೇ ಕಂದಾಗಿದ್ದ ವೈರುಗಳಿಗೆ ಚೀಟಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆವು.

ಬಿಚ್ಚುತ್ತಾ ಹೋದಂತೆ ಮೂರು ಕಾಲದ ವೈರು ಸಿಕ್ಕಿತು. ಎಲ್ಲಕ್ಕಿಂತ ಅಡಿಯಲ್ಲಿ ರಬ್ಬರಿನ ಮೇಲೆ ಹತ್ತಿ ನೂಲು ಹೆಣೆದ ಮೂಲ ವೈರು. ಮುಟ್ಟಿದರೆ ರಬ್ಬರು ಹಪ್ಪಳದಂತೆ ಉದುರುತ್ತಿತ್ತು. ಅದರ ಮೇಲೆ ಪ್ಲಾಸ್ಟಿಕ್ ವೈರು, 12 ವೋಲ್ಟಿನದು. ಪೆಟ್ರೋಲು ದುಬಾರಿಯಾದ ಮೇಲೆ ಇಂಥ ಎಷ್ಟೋ ಲಾರಿಗಳಿಗೆ ಮದರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು. ಡೀಸೆಲ್ಲಿಗೆ ಕಾಯಿಲ್, ಪ್ಲಗ್ಗು ಬೇಡ. ಆದರೆ ತಿರುಗಿಸಲು ಗಟ್ಟಿ ಸೆಲ್ಫ್ ಬೇಕು. ಕಾಯಿಲಿನ ಹಳೇ ವೈರನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು. ಮೂರನೆಯದು ಮನೆಗೆ ಹಾಕುವ ಒಂಟಿ ಎಳೆಯ ವೈರು. ಅದು ಗೋಡೆಯ ಮೇಲೆ ಇರಲು ಸರಿ; ಗಾಡಿಯ ಅದುರಿಗೆ ಮುರಿಯುತ್ತದೆ. ಗಾಡಿಗೆ ಯಾವಾಗಲೂ ಹಲವು ಎಳೆಯ ವೈರೇ ಬೇಕು. ಮೊದಲನೆಯದು ಯುದ್ಧದ್ದು, ಎರಡನೆಯದು ದುಡಿಮೆಯದು, ಮೂರನೆಯದು ಬಡತನದ್ದು.

ಹಿಂದೆ ಹೋಗಿದ್ದ ಒಂದು ತುಂಡು ನೂಲಿನ ವೈರು ಎಲ್ಲಿಗೂ ಸೇರಿರಲಿಲ್ಲ. ಅದರ ಜಾಡು ಹಿಡಿದು ಡಿಫರೆನ್ಷಿಯಲ್ ಕೆರೆದರೆ, ಕಪ್ಪು ಬಣ್ಣದ ಅಡಿಯಲ್ಲಿ ಬಿಳಿ ಬಣ್ಣ! ಅಜ್ಜ ಹೇಳಿದ್ದು ನಿಜವೆಂದು ಕಾಗದಪತ್ರ ಒಂದೂ ಇಲ್ಲದ ಮನೆಯಲ್ಲಿ ವೈರೇ ಸಾಕ್ಷಿ ಹೇಳಿತು. ತೂಕಕ್ಕೆ ಹಾಕುವ ಮಾತು ಅಂದಿಗೆ ನಿಂತಿತು.

ಇಂಥ ಗಾಡಿ ಇಟ್ಟುಕೊಂಡವರಿಗೆ ನಾಲ್ಕು ಮಾತು. ಹಳೇ ವೈರಿಗೆ ಬ್ಯಾಟರಿ ಕೊಟ್ಟು ‘ನೋಡೋಣ’ ಅನ್ನಬೇಡಿ. ಉದುರಿದ ರಬ್ಬರು, ಇಲಿ ಕಡಿದ ಜಾಗ, ಪಕ್ಕದಲ್ಲೇ ಎಣ್ಣೆ ಜಿಡ್ಡು, ಬೆಂಕಿಗೆ ಇನ್ನೇನು ಬೇಕು? ಕೆಲವು ಗಾಡಿಗಳಲ್ಲಿ ಪ್ಲಸ್ ಅರ್ಥ್, ಕೆಲವುದರಲ್ಲಿ ಮೈನಸ್ ಅರ್ಥ್. ಯಾವುದೇ ಆಗಲಿ, ಅರ್ಥ್ ಆಗಿರುವ ತುದಿಯನ್ನೇ ಮೊದಲು ಬಿಚ್ಚಿ, ಕೊನೆಗೆ ಹಾಕಿ. ತಗಡಿನ ತೂತಿನಲ್ಲಿ ವೈರು ಹೋಗುವಲ್ಲಿ ರಬ್ಬರ್ ಬುಷ್ ಇರಲಿ. ಲೈಟು, ಹಾರನ್ನಿಗೆ ಬೇರೆಬೇರೆ ಫ್ಯೂಸು ಹಾಕಿ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬೇಡಿ. ಪಂಪ್‌ಸೆಟ್ಟಿನ ಮನೆಯಲ್ಲೂ ಇದೇ ಮಾತು.

ಅರ್ಥ್ ವಿಚಾರ ಇನ್ನೊಂದಿದೆ. ಕರೆಂಟು ಹೋಗುವುದು ವೈರಿನಲ್ಲಿ, ವಾಪಸು ಬರುವುದು ಚಾಸಿಯಲ್ಲಿ. ಎಂಜಿನ್ನಿನಿಂದ ಚಾಸಿಗೆ ಇರುವ ಪಟ್ಟಿ ಕಡಿದಿದ್ದರೆ ಸೆಲ್ಫಿನ ಅಷ್ಟೂ ಕರೆಂಟು ಆಕ್ಸಿಲರೇಟರ್ ಕೇಬಲಿನ ಮೇಲೆ ವಾಪಸು ಬರಲು ನೋಡಿ ಅದನ್ನೇ ಕಾಯಿಸುತ್ತದೆ. ಮಾವನವರ ಲಾರಿಯಲ್ಲಿ ಮೊದಲು ಮಾಡಿದ್ದೇ ಚಾಸಿಯ ತುಕ್ಕು ಉಜ್ಜಿ ಹೊಸ ಪಟ್ಟಿ ಕಟ್ಟಿದ್ದು. ಸಹಕಾರಿಗಳಾದ ನಮಗೆ ಇದು ಬೇಗ ಅರ್ಥವಾಗಬೇಕು: ಕೊಟ್ಟ ಸಾಲ ನೇರ ದಾರಿಯಲ್ಲಿ ವಾಪಸು ಬಂದರೇ ಸಂಘದ ದೀಪ ಉರಿಯುವುದು.

ಕೊನೆಯದಾಗಿ ಕಾನೂನಿನ ಮಾತು. 50 ವರ್ಷ ದಾಟಿದ, ಸ್ವಂತ ಬಳಕೆಯ ಬೈಕು, ಕಾರುಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ ಕೇಂದ್ರ ಸರ್ಕಾರದಿಂದ 2021ರಲ್ಲಿ ಬಂತು. ಸರಕು ಲಾರಿ ಆ ಪಟ್ಟಿಯಲ್ಲಿ ಸೇರಲಿಲ್ಲ. ಧರ್ಮಸ್ಥಳದ ಮ್ಯೂಸಿಯಂನಲ್ಲಿ ಹಳೇ ಕಾರುಗಳನ್ನು ಕಣ್ಣಾರೆ ನೋಡಿ ಬಂದವರು ನಮ್ಮಲ್ಲಿ ಬಹಳ ಜನ. ರೈತನ ಹೊರೆ ಹೊತ್ತ ಲಾರಿಯನ್ನು ಉಳಿಸಿಕೊಳ್ಳಬೇಕಾದವರು ನಾವೇ. ಲಾರಿ ಉಳಿಸಲು ಆಗದಿದ್ದರೂ ಚಿಂತೆಯಿಲ್ಲ. ನಿಮ್ಮ ಹಟ್ಟಿಯಲ್ಲಿ, ಗಿರಣಿಯಲ್ಲಿ ಅಂಥದೊಂದು ನಿಂತಿದ್ದರೆ ಗುಜರಿಗೆ ಹೋಗುವ ಮುಂಚೆ ಫೋಟೋ ತೆಗೆಯಿರಿ, ಚಾಸಿ ನಂಬರು ಬರೆದಿಡಿ, ಅದನ್ನು ಓಡಿಸಿದವರು ಇನ್ನೂ ಇದ್ದರೆ ಅವರನ್ನು ಕೂರಿಸಿ ಕೇಳಿ. ಬರೆದು ಸಂಘದ ಕಚೇರಿಗೆ ತಂದುಕೊಟ್ಟರೆ ಒಂದು ಕಡತ ಮಾಡಿ ಇಡುವ ಜವಾಬ್ದಾರಿ ನನ್ನದು.