ಬೆಳಕಿನಲ್ಲಿ ಕಂಡ ಕಪ್ಪು ಪಟ್ಟೆ

ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ. ಬೀಗಕ್ಕೆ ತಕ್ಕ ಕೀಲಿಯಂತೆ ಒಂದೊಂದೂ ತನಗೊಪ್ಪುವ ವಸ್ತುವನ್ನೇ ಅರಸಿ ಹಿಡಿಯುತ್ತದೆ. ಹಿಡಿಯುವುದೇನೋ ನಿಜ, ಹಿಡಿಯುವ ಗಳಿಗೆಯನ್ನು ಕಾಣುವುದು ಹೇಗೆ? ೧೯೫೦ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್, ಇನ್ಸುಲಿನ್ನಿಗೆ ವಿಕಿರಣಶೀಲ ಅಯೊಡೀನಿನ ಗುರುತು ಕಟ್ಟಿ, ರಕ್ತದಲ್ಲಿರುವ ಅದರ ಅತ್ಯಲ್ಪ ಅಂಶವನ್ನೂ ಅಳೆದರು. ಮಹತ್ತಾದ ಕೆಲಸವೇ ಸರಿ. ಆದರೆ ಅಲ್ಲಿ ದೊರೆಯುತ್ತಿದ್ದುದು ಕೊನೆಯ ಲೆಕ್ಕ. ಅಣುಗಳು ಕೂಡುವ ನೋಟವಲ್ಲ.

ಆ ನೋಟವನ್ನು ಕೊಟ್ಟದ್ದು ಬೆಳಕು. ಅದರ ಕಥೆ ಮೊದಲಾಗುವುದು ೧೯೦೨ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್, ನವಿರಾದ ಗೆರೆಗಳನ್ನು ಒತ್ತಾಗಿ ಕೊರೆದ ಲೋಹದ ಫಲಕದ ಮೇಲೆ ಬೆಳಕು ಬೀಳಿಸಿ ಪರೀಕ್ಷಿಸುತ್ತಿದ್ದರು. ಬಣ್ಣಗಳ ಸಾಲಿನ ನಡುವೆ ಬೆಳಕು ಥಟ್ಟನೆ ಕುಂದಿ, ಕಪ್ಪು ಪಟ್ಟೆಯೊಂದು ಮೂಡಿತು. ಕಾರಣ ಅವರಿಗೆ ಹೊಳೆಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಲೋಹದ ಮೈಮೇಲೆ ಹಬ್ಬುವ ಅಲೆಯೇ ಇದಕ್ಕೆ ಮೂಲವೆಂದು ೧೯೪೧ರಲ್ಲಿ ಊಗೊ ಫಾನೊ ವಿವರಿಸಿದರು.

೧೯೬೮ರಲ್ಲಿ ಜರ್ಮನಿಯಲ್ಲಿ ಆಂಡ್ರಿಯಾಸ್ ಆಟೊ ಒಂದು ಬಗೆಯಿಂದಲೂ, ಎರ್ವಿನ್ ಕ್ರೆಚ್‌ಮನ್ ಮತ್ತು ಹೈನ್ಸ್ ರೇಥರ್ ಇನ್ನೊಂದು ಬಗೆಯಿಂದಲೂ ಆ ಅಲೆಯನ್ನು ಗಾಜಿನ ಪಟ್ಟಕದ ನೆರವಿನಿಂದ ಬೇಕೆಂದಾಗ ಎಬ್ಬಿಸಿದರು. ಈ ಎರಡನೆಯ ಬಗೆ ಸರಳವಾದುದು. ಪಟ್ಟಕದ ಒಂದು ಮುಖಕ್ಕೆ ಲೋಹದ ಲೇಪ. ದಪ್ಪ ಮಿಲಿಮೀಟರಿನ ಸುಮಾರು ೨೦,೦೦೦ದಲ್ಲೊಂದು ಪಾಲು. ಗಾಜಿನ ಒಳಗಿನಿಂದ ಬೆಳಕನ್ನು ಬಿಟ್ಟರೆ ಅದು ಪ್ರತಿಫಲಿಸಿ ಮರಳುತ್ತದೆ. ಒಂದು ಕೋನದಲ್ಲಿ ಮಾತ್ರ ಲೋಹದ ಅಲೆ ಅದನ್ನು ನುಂಗಿಬಿಡುತ್ತದೆ. ಲೇಪದ ಹೊರಮೈಗೆ ತೆಳುವಾದ ಪದರವೊಂದು ಅಂಟಿದರೂ ಸಾಕು, ಆ ಕೋನ ಕೊಂಚ ಜರುಗುತ್ತದೆ.

ಇದನ್ನೇ ತಕ್ಕಡಿಯ ಮುಳ್ಳಾಗಿಸಿದವರು ಸ್ವೀಡನ್ನಿನ ಲಿನ್‌ಷಾಪಿಂಗ್ ನಗರದ ಲೀಡ್‌ಬರ್ಗ್, ನ್ಯೂಲಾಂಡರ್ ಮತ್ತು ಲುಂಡ್‌ಸ್ಟ್ರೋಮ್. ೧೯೮೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಬೆಳ್ಳಿಯ ಲೇಪಕ್ಕೆ ಪ್ರೋಟೀನೊಂದನ್ನು ಹೊದಿಸಿ, ಅದಕ್ಕೊಪ್ಪುವ ಪ್ರತಿಕಾಯವನ್ನು ಹಾಯಿಸಿದರು. ಕೋನ ಜರುಗಿತು! ವಿಕಿರಣದ ಗುರುತಿಲ್ಲ, ಬಣ್ಣವಿಲ್ಲ. ಅಣುಗಳು ಕೂಡಿದ ಸುದ್ದಿ ಆ ಕ್ಷಣದಲ್ಲೇ ಬಂದಿತು. ೧೯೯೦ರಲ್ಲಿ ಅದೇ ದೇಶದ ಉಪ್ಸಲಾದಿಂದ, ಚಿನ್ನದ ಲೇಪವುಳ್ಳ ಬಿಯಾಕೋರ್ ಯಂತ್ರ ಪೇಟೆಗೆ ಬಂದಿತು.

ಇದರಲ್ಲೂ ತೊಡಕಿಲ್ಲದಿಲ್ಲ. ಬೇಡದ ಪ್ರೋಟೀನು ಅಂಟಿಕೊಂಡರೂ ಕೋನ ಜರುಗುತ್ತದೆ. ಬೆಳಕಿಗೆ ನಂಟರು ಯಾರು, ಅಪರಿಚಿತರು ಯಾರು ಎಂಬ ಭೇದ ತಿಳಿಯದು. ಆದುದರಿಂದ ಪಕ್ಕದಲ್ಲೇ ಪ್ರೋಟೀನು ಹೊದಿಸದ ಇನ್ನೊಂದು ಭಾಗವನ್ನಿಟ್ಟು ತಾಳೆ ನೋಡಬೇಕು. ಹಾಗೆ ನೋಡಿದರೆ, ಔಷಧಿಗೆಂದು ಆರಿಸಿದ ಪ್ರತಿಕಾಯ ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಹೊತ್ತು ಬಿಡದೆ ಇರುತ್ತದೆ ಎಂಬುದೆಲ್ಲ ತಿಳಿಯುತ್ತದೆ.

ವುಡ್ ೧೯೫೫ರಲ್ಲೇ ತೀರಿಕೊಂಡರು. ಇದೊಂದನ್ನೂ ಅವರು ಕಾಣಲಿಲ್ಲ. ಆ ಕಪ್ಪು ಪಟ್ಟೆಯನ್ನು ಉಪಕರಣದ ದೋಷವೆಂದು ಬದಿಗೊತ್ತಿದ್ದರೆ ಆಗ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ ಎಂಬುದೇ ನಾವು ನೆನೆಯಬೇಕಾದ ಮಾತು.